ಲಿವರ್ ಓದುತ್ತಿದ್ದ ಬಾಯಾರು

ಹೋದ ತಿಂಗಳು ನನ್ನ ಹೊಟ್ಟೆಯ ಸೋನೋಗ್ರಫಿ ಆಯಿತು. ಪಿತ್ತಕೋಶದಲ್ಲಿ ಕಲ್ಲಿದೆಯೇನೋ ಎಂದು ನೋಡಲು ಹೋಗಿದ್ದೆ. ಕಲ್ಲು ಸಿಗಲಿಲ್ಲ, 'ಫ್ಯಾಟಿ ಲಿವರ್, ಗ್ರೇಡ್ ಒನ್' ಸಿಕ್ಕಿತು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಏಳು ಜನರಲ್ಲಿ ಐದು ಜನರ ಕೈಯಲ್ಲಿ ಅದೇ ಸಾಲು ಬರೆದ ಕಾಗದವಿತ್ತು. ರೇಷನ್ ಕಾರ್ಡು ಸಿಗದವರಿಗೂ ಪುಣೆಯಲ್ಲಿ ಇದೊಂದು ಸಿಕ್ಕೇ ಸಿಗುತ್ತದೆ. ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನಗು ಬಂತು, ಯಾಕೆಂದರೆ ಬಾಯಾರು ಇದ್ದಿದ್ದರೆ ಏನನ್ನುತ್ತಿದ್ದರೆಂಬುದು ಅಕ್ಷರ ಬಿಡದೆ ಕಿವಿಯಲ್ಲಿ ಕೇಳಿಸಿತು.

"ಲಿವರ್‌ನಾಗ ಕೊಬ್ಬು ಅದ ಅಂದ್ರ ಅರ್ಧಾ ಮಾತು. ಯಾವ ನಮೂನಿ ಕೊಬ್ಬು, ಎಷ್ಟು, ಎಲ್ಲಿ ಕುಂತದ, ಸಂಗಟ ಯಾರನ್ನ ಕರಕೊಂಡು ಬಂದದ, ಅದನ್ನ ಹೇಳು. ಇಲ್ಲಾಂದ್ರ ಬಾಯಿ ಮುಚ್ಚಿಕೊಂಡು ಕೂಡು."

ಬಾಯಾರು ನಮ್ಮ ಲ್ಯಾಬಿನ ಪೆಥಾಲಜಿಸ್ಟ್. ದೇಹದಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಗ ಯಾವುದೆಂದು ಹೇಳುವ ಡಾಕ್ಟರು. ನಮ್ಮ ವಿಜಯಪುರದ ಕಡೆ ಶಾಲೆಯ ಶಿಕ್ಷಕಿಯರಿಗೆ ಬಾಯಾರು ಅನ್ನುತ್ತೇವೆ. ಅವರೂ ಅದೇ ಕಡೆಯವರಾದ್ದರಿಂದ ನಾನು ಮೊದಲ ದಿನ ಬಾಯಿತಪ್ಪಿ ಹಾಗೆ ಕರೆದೆ, ಅದೇ ನಿಂತಿತು. ಹೆಸರು ಬರೆಯುವುದಿಲ್ಲ. ಸತ್ತ ಮೇಲೂ ಬೈಯಬಲ್ಲ ಹೆಂಗಸು ಅದು.

ನಾನು ಮದುವೆಯಾಗಿ ಪುಣೆಯ ಧನಕವಡಿಗೆ ಬಂದವಳು. ಇಬ್ಬರು ಮಕ್ಕಳು ಶಾಲೆ ಸೇರಿದ ಮೇಲೆ ಲ್ಯಾಬ್ ಟೆಕ್ನೀಶಿಯನ್ ಕೋರ್ಸು ಮುಗಿಸಿ ಕೆಲಸ ಹುಡುಕುತ್ತ ಸ್ವಾರಗೇಟಿನ ಹಿಂದಿನ ಓಣಿಗೆ ಹೋದೆ. ಕೆಳಗೆ ಸ್ಕೂಟರ್ ರಿಪೇರಿ ಅಂಗಡಿ, ಮೇಲೆ ಲ್ಯಾಬು. ಬಾಯಾರು ಕನ್ನಡಕವನ್ನು ಹಣೆಗೇರಿಸಿ ನನ್ನ ಸರ್ಟಿಫಿಕೇಟು ತಿರುವಿ ನೋಡಿ ಪಕ್ಕಕ್ಕಿಟ್ಟರು.

"ಜ್ವಾಳದ ಭಾಕರಿ ಬಡೀಲಿಕ್ಕೆ ಬರತದೇನವಾ?"

"ಬರತದ್ರಿ."

"ತೆಳ್ಳಗ?"

"ನಮ್ಮತ್ತಿಯವ್ರು ಹಪ್ಪಳದ ಭಾಕರಿ ಅಂತಾರ್ರಿ. ಕಾಗದದಂಗ."

"ಹಂಗಾದ್ರ ನಾಳಿಂದ ಬಾ. ಮಿಶಿನ್ ಕಲಸ್ತೀನಿ. ಕೈ ಕಲಸಾಕ ನನ್ನಿಂದ ಆಗಂಗಿಲ್ಲ."

ಅದೇ ಸಂದರ್ಶನ. ಲಿವರ್ ಚೂರನ್ನು ಮೇಣದಲ್ಲಿ ಹೂತು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ, ಗುಲಾಬಿ ಮತ್ತು ನೇರಳೆ ಬಣ್ಣ ಹಚ್ಚಿ ಅವರ ಮುಂದಿಡುವುದು ನನ್ನ ಕೆಲಸ. ನೋಡಿ ಹೇಳುವುದು ಅವರ ಕೆಲಸ. ಕೊಬ್ಬು ತುಂಬಿದ ಲಿವರ್ ಬಂದರೆ ಸ್ಲೈಡಿನ ಮೇಲೆ ಬಿಳಿಯ ತೂತುಗಳು ಕಾಣುತ್ತವೆ. ಕೊಬ್ಬು ನಮ್ಮ ರಸಾಯನಗಳಲ್ಲಿ ತೊಳೆದು ಹೋಗಿರುತ್ತದೆ, ಅದು ಕೂತಿದ್ದ ಜಾಗ ಮಾತ್ರ ಉಳಿದಿರುತ್ತದೆ. ಮೊದಲ ತಿಂಗಳು ನಾನು ನನ್ನ ಬ್ಲೇಡೇ ಹರಿದು ತೂತು ಮಾಡಿತೆಂದು ಹೆದರಿ ಒಂದೊಂದು ಲಿವರನ್ನು ಮೂರು ಮೂರು ಸಲ ಕೊಯ್ಯುತ್ತಿದ್ದೆ.

ಬಾಯಾರು ಕುಳ್ಳಗೆ, ದಪ್ಪಗೆ ಇದ್ದರು. ಕಾಟನ್ ಸೀರೆ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ಲೆನ್ಸ್ ಒರೆಸುವ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಅದರಲ್ಲೇ ಭಜಿ ತಿಂದ ಕೈ ಒರೆಸಿ, ಆಮೇಲೆ ಲೆನ್ಸಿನ ಮೇಲೆ ಎಣ್ಣೆ ಬಂದದ್ದು ಹೇಗೆಂದು ನಮ್ಮ ಮೇಲೆ ಕೂಗಾಡುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಒಬ್ಬ ಬಂದಿದ್ದ. ಅವನ ಅವ್ವ ನನಗ ಹಾಡಾಕ ಬರತದೇನು ಅಂತ ಕೇಳಿದ್ಲು. ನಾ ಹೆಣಾ ಕೊಯ್ಯಾಕ ಬರತದ ಅಂದೆ" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯಿತ್ತು. ಹನ್ನೊಂದು ಗಂಟೆಗೆ ಭಜಿ, ನಾಲ್ಕು ಗಂಟೆಗೆ ಬಾಕರವಡಿ, ಎರಡರ ನಡುವೆ ಗುಳಿಗೆ. ತಿನ್ನಬೇಡಿ ಅಂದರೆ, "ರೋಗದ ಬಗ್ಗೆ ತಿಳಿದಾವ್ರಿಗೆ ರೋಗ ಬರಬಾರದು ಅಂತ ಕಾಯ್ದೆ ಅದ ಏನು?" ಎಂದು ಇನ್ನೊಂದು ತಟ್ಟೆ ತರಿಸುತ್ತಿದ್ದರು.

ದೊಡ್ಡ ಡಾಕ್ಟರುಗಳ ಮೇಲೆ ಅವರಿಗೆ ಗೌರವ ಕಡಿಮೆ, ಸಣ್ಣವರ ಮೇಲೆ ಇನ್ನೂ ಕಡಿಮೆ. ಹೊಸದಾಗಿ ಸೇರಿದ ಒಬ್ಬ ಕಿರಿಯ ಡಾಕ್ಟರು ಒಮ್ಮೆ ಒಂದು ಮಗುವಿನ ಲಿವರ್ ನೋಡಿ 'ಕೊಬ್ಬು ಇಲ್ಲ, ಸರಿಯಿದೆ' ಎಂದು ಬರೆದುಬಿಟ್ಟಿದ್ದರು. ಬಾಯಾರು ಅದೇ ಸ್ಲೈಡನ್ನು ಎರಡು ಸಲ ನೋಡಿದರು. ಬಾಯಲ್ಲಿದ್ದ ಭಜಿ ಹಾಗೇ ನಿಂತಿತು.

"ಬಾಟ್ಲ್ಯಾಗ ಇನ್ನೂ ಚೂರು ಉಳದದೇನ?" ನನ್ನನ್ನು ಕೇಳಿದರು.

ಮೇಣಕ್ಕೆ ಹಾಕದ ದಾರದಷ್ಟು ಚೂರು ಉಳಿದಿತ್ತು. ಅದನ್ನು ಮಂಜುಗಟ್ಟಿಸಿ ಕೊಯ್ದು, ಕೊಬ್ಬಿಗಷ್ಟೇ ಹತ್ತುವ ಕೆಂಪು ಬಣ್ಣ ಹಾಕಿಸಿದರು. ಏನೂ ಇಲ್ಲವೆಂದಿದ್ದ ಆ ಜೀವಕೋಶಗಳ ತುಂಬ ಕೆಂಪು ರವೆ ಚೆಲ್ಲಿದಂತಿತ್ತು. ಕಿರಿಯ ಡಾಕ್ಟರನ್ನು ಹತ್ತಿರ ಕೂಡಿಸಿಕೊಂಡರು.

"ಕೊಬ್ಬಿನ ದೊಡ್ಡ ಹನಿ ಅಂದ್ರ ಊರಿಂದ ಬಂದ ದಪ್ಪನ ಬೀಗ. ಬಂದ, ನಟ್ಟ ನಡುವ ಹಾಸಿಗಿ ಹಾಸಿದ, ಮನಿ ಯಜಮಾನನ್ನ, ಅಂದ್ರ ಕೋಶದ ನಡುವಿನ ಬೀಜಾನ್ನ, ಗ್ವಾಡಿಗೆ ಒತ್ತಿದ. ನೋಡಾಕ ಭಯಂಕರ. ಆದ್ರ ಊಟಾ ಕಡಿಮಿ ಮಾಡಿದ್ರ ಎದ್ದು ಹೋಗತಾನ, ಮನಿ ಮೊದಲಿನಂಗ ಆಗತದ. ಈ ಸಣ್ಣ ಹನಿ ಹಂಗಲ್ಲ. ಯಜಮಾನ ನಡುವ ಕುಂತಾನ, ಎಲ್ಲಾ ಸುಸೂತ್ರ ಅಂತಾನ. ಮನಿಗೆ ಕರೆಂಟ ಇಲ್ಲ, ನೀರಿಲ್ಲ, ಒಲಿ ಆರ್‍ಯಾದ. ಇದು ಎರಡ ದಿನದಾಗ ಜೀವಾ ತಗೀತದ. ತಿಳೀತ?"

ಹೇಳುತ್ತಲೇ ವಾರ್ಡಿಗೆ ಫೋನು ಹಚ್ಚಿದ್ದರು. ಮಗುವಿಗೆ ಯಾವ ಔಷಧಿ ಕೊಡುತ್ತಿದ್ದೀರಿ ಎಂದು ಕೇಳಿದರು. ಆ ಕಡೆಯವರು ಫಿಟ್ಸಿನ ಔಷಧಿಯೊಂದರ ಹೆಸರು ಹೇಳಿದರು. "ಈಗ ನಿಲ್ಲಿಸ್ರಿ. ನಾಳೆ ಅಲ್ಲ, ರೌಂಡಿಗೆ ಬಂದಾಗ ಅಲ್ಲ. ಈಗ." ಔಷಧಿ ಬದಲಾಯಿತು, ಮಗು ಉಳಿಯಿತು. ಕಿರಿಯ ಡಾಕ್ಟರು ಮರುದಿನ ಪೇಢೆ ತಂದರು. ಬಾಯಾರು ಅರ್ಧ ಪೆಟ್ಟಿಗೆ ತಿಂದು, "ಪೇಢೆ ಚೆಂದ ಅದ. ಸ್ಲೈಡ್ ಮಾತ್ರ ಇನ್ನ ಮ್ಯಾಲೆ ಎರಡು ಸರ್ತಿ ನೋಡು, ಖೋಡಿ" ಅಂದರು.

ಇಷ್ಟೆಲ್ಲ ಜೋರು ಮಾಡುವ ಹೆಂಗಸಿನ ವರದಿಗಳು ಮಾತ್ರ ಬಹಳ ಒಣ. ಕಂಡದ್ದನ್ನು ಬರೆಯುವರು, ಕಾರಣ ಬರೆಯರು. ಲಿವರ್ ಕೊಬ್ಬೆಂದರೆ ಕುಡಿತವೆಂದು ಎಲ್ಲರೂ ತಿಳಿಯುವ ಕಾಲದಲ್ಲೂ 'ಮದ್ಯ' ಎಂಬ ಶಬ್ದ ಅವರ ವರದಿಯಲ್ಲಿ ಬರುತ್ತಿರಲಿಲ್ಲ. ಯಾಕೆಂದು ನಾನು ಕೇಳಿದ್ದು ಸೇರಿ ಎರಡು ವರ್ಷವಾದ ಮೇಲೆ. ಅವತ್ತು ಕೆಲಸ ಕಡಿಮೆಯಿತ್ತು, ಹೇಳಿದರು.

ಅವರ ನೌಕರಿಯ ಮೊದಲ ವರ್ಷ ಇಂದಾಪುರದ ಕಡೆಯ ಒಬ್ಬ ಅರ್ಚಕರ ಲಿವರ್ ಚೂರು ಬಂದಿತ್ತಂತೆ. ದೊಡ್ಡ ಹನಿಗಳು, ಸ್ವಲ್ಪ ಉರಿಯೂತ. ಕಳಿಸಿದ ಡಾಕ್ಟರು ಚೀಟಿಯಲ್ಲಿ 'ಕುಡಿತ?' ಎಂದು ಪ್ರಶ್ನೆಯ ಗುರುತು ಹಾಕಿದ್ದರು. ಇವರು ಪ್ರಶ್ನೆಯ ಗುರುತು ತೆಗೆದು ಉತ್ತರ ಬರೆದರು. ವರದಿ ಊರಿಗೆ ಹೋಯಿತು, ಊರು ಅರ್ಚಕರನ್ನು ಗುಡಿಯಿಂದ ಹೊರಗೆ ಹಾಕಿತು. ತಿಂಗಳ ಮೇಲೆ ಆ ಮನುಷ್ಯ ಪಂಚೆ ಉಟ್ಟುಕೊಂಡು ಇವರ ಟೇಬಲ್ಲಿನ ಮುಂದೆ ನಿಂತರು. ಜಗಳವಾಡಲಿಲ್ಲ. ಕೆಮ್ಮಿನ ಔಷಧಿಯಲ್ಲೂ ಮದ್ಯ ಇರುತ್ತದಂತೆ, ಅದಕ್ಕೇ ನಾನು ಕೆಮ್ಮಿಗೂ ಔಷಧಿ ಕುಡಿದವನಲ್ಲ, ನಿಮ್ಮ ಯಂತ್ರದಲ್ಲಿ ನಾನು ಕುಡಿದದ್ದು ಹೇಗೆ ಕಂಡಿತು, ಅಷ್ಟು ಹೇಳಿ ಎಂದು ಕೇಳಿದರು.

"ನಾ ಮತ್ತ ಸ್ಲೈಡ್ ತಗದು ನೋಡಿದೆ" ಅಂದರು ಬಾಯಾರು. "ಕುಡುಕರ ಕೊಬ್ಬು, ಪೇಢೆ ತಿನ್ನಾವನ ಕೊಬ್ಬು, ಎರಡೂ ಒಂದ ನಮೂನಿ ಇರತಾವ. ಕೊಬ್ಬಿನ ಮ್ಯಾಲೆ ಬಾಟ್ಲಿ ಚೀಟಿ ಹಚ್ಚಿರಂಗಿಲ್ಲ. ಪುಸ್ತಕದಾಗ ಓದಿದ್ದೆ. ಓದಿದ್ದು ತಲ್ಯಾಗ ಇತ್ತು, ಕೈಗೆ ಬಂದಿದ್ದಿಲ್ಲ."

ಮರುದಿನ ಸರಕಾರಿ ಬಸ್ಸು ಹತ್ತಿ ಇಂದಾಪುರಕ್ಕೆ, ಅಲ್ಲಿಂದ ಆ ಊರಿಗೆ ಹೋದರು. ಗುಡಿಯ ಕಟ್ಟೆಯ ಮೇಲೆ ಪಂಚರು ಕೂತಿದ್ದರು. ತಪ್ಪು ನನ್ನದು, ಇವರು ಕುಡಿದವರಲ್ಲ ಎಂದು ಮರಾಠಿಯಲ್ಲಿ ನಿಂತು ಹೇಳಿದರು. ಮತ್ತೆ ಕೊಬ್ಬು ಎಲ್ಲಿಂದ ಬಂತು ಎಂದು ಒಬ್ಬ ಕೇಳಿದ. "ನೀವು ದಿನಾ ತಂದು ಅರ್ಧ ದೇವರಿಗೆ, ಅರ್ಧ ಅವರಿಗೆ ತಿನ್ನಿಸುತ್ತೀರಲ್ಲ, ಆ ಪೇಢೆಯಿಂದ. ದೇವರಿಗೂ ಒಮ್ಮೆ ಪರೀಕ್ಷೆ ಮಾಡಿಸಿ" ಅಂದರಂತೆ. ಅಷ್ಟರಲ್ಲಿ ಅರ್ಚಕರ ಜಾಗಕ್ಕೆ ಅಣ್ಣನ ಮಗ ಬಂದು ಕೂತಾಗಿತ್ತು. ಕೊನೆಗೆ ಮಂಗಳವಾರದ ಪೂಜೆ ಒಂದನ್ನು ಮರಳಿ ಕೊಟ್ಟರು.

"ಏಳು ದಿನದಾಗ ಒಂದು ದಿನ ಸಿಕ್ತು" ಅಂದರು ಬಾಯಾರು. "ಉಳದ ಆರು ದಿನ ನಾ ತಿಂದೆ."

ಅವರ ಕಣ್ಣು ತೇವವಾದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ತಕ್ಷಣ ನನಗೆ ಬೈಯಲು ಏನಾದರೂ ಕಾರಣ ಹುಡುಕಿದರು. ಸಿಕ್ಕಿತು, ಮೇಣದ ಪಾತ್ರೆ ಕುದಿಯುತ್ತಿತ್ತು.

ಅವರನ್ನು ನಾನು ಪೂರ್ತಿ ಅರಿತದ್ದು ಪಾತ್ರೆ ಅಂಗಡಿಯವರ ಪ್ರಕರಣದಲ್ಲಿ. ಅದೂ ನಮ್ಮ ಕಡೆಯ ಮನೆತನ. ಅಜ್ಜನ ಕಾಲಕ್ಕೇ ಬಂದು ಪುಣೆಯಲ್ಲಿ ಸ್ಟೀಲಿನ ಪಾತ್ರೆಗಳ ಅಂಗಡಿ ಇಟ್ಟವರು. ಅಣ್ಣ ತಮ್ಮ ಇಬ್ಬರು. ತಮ್ಮನಿಗೆ ಯಾವುದೋ ಹಳೆಯ ಕಾಮಾಲೆಯಿಂದ ಲಿವರ್ ಪೂರ್ತಿ ಕೆಟ್ಟು, ಬೇರೆಯವರ ಲಿವರಿನ ತುಂಡು ಜೋಡಿಸದೆ ಉಳಿಯುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ಮನೆಯವರು ಕೊಡಬಹುದು, ಕೊಟ್ಟವರ ಲಿವರ್ ಮತ್ತೆ ಬೆಳೆಯುತ್ತದೆ. ಆದರೆ ಕೊಡುವ ಲಿವರಿನಲ್ಲಿ ದೊಡ್ಡ ಹನಿಯ ಕೊಬ್ಬು ಹೆಚ್ಚಾಗಿದ್ದರೆ ಕೊಟ್ಟವರಿಗೂ ಅಪಾಯ, ಪಡೆದವರಿಗೂ ಅಪಾಯ. ಆದ್ದರಿಂದ ಸಂಶಯ ಬಂದರೆ ಚೂರು ತೆಗೆದು ನೋಡುತ್ತಾರೆ. ಆ ಚೂರುಗಳನ್ನು ಬಾಯಾರ ಹತ್ತಿರ ಕಳಿಸುತ್ತಿದ್ದರು. ನೂರರಲ್ಲಿ ಎಷ್ಟು ಜೀವಕೋಶಗಳಲ್ಲಿ ಕೊಬ್ಬಿದೆ ಎಂದು ಅವರು ಬರೆಯುವ ಒಂದು ಅಂಕಿಯ ಮೇಲೆ ಎಲ್ಲ ನಿಂತಿರುತ್ತಿತ್ತು.

ಔಷಧದ ನೀರಿನಲ್ಲಿ ಮುಳುಗಿಸಿದ ಚೂರಿನ ಬಾಟಲಿಯನ್ನು ಹಿಡಿದುಕೊಂಡು ಬಂದವನು ಅಣ್ಣ. ನಲವತ್ತರ ಆಸುಪಾಸು, ಬಾಗಿಲು ತುಂಬುವ ದೇಹ, ಕೊರಳಲ್ಲಿ ಬೆರಳು ದಪ್ಪದ ಚಿನ್ನದ ಸರ.

"ತಮ್ಮನ ಹೆಂಡತೀದು ಐತ್ರಿ. ಆಕಿನ ಕೊಡಾಕತ್ಯಾಳ. ನನ್ನ ಬ್ಲಡ್ ಗ್ರೂಪೂ ಕೂಡತದ್ರಿ, ಆದ್ರ ಏನ ಮಾಡೂದು, ಸೋನೋಗ್ರಫಿಯಾಗ ನಂದು ಫ್ಯಾಟಿ ಬಂತು. ಡಾಕ್ಟರು ಕೈಬಿಟ್ರು" ಎಂದು ಕೇಳದೇ ಹೇಳಿದ. ಹೇಳುವಾಗ ಬಹಳ ದುಃಖದ ಮುಖ ಮಾಡಿದ್ದ. ಬಾಯಾರು ಕನ್ನಡಕದ ಮೇಲಿಂದ ಅವನ ಹೊಟ್ಟೆಯನ್ನೊಮ್ಮೆ ನೋಡಿದರು, ಅಷ್ಟೆ.

ಎರಡು ದಿನದ ಮೇಲೆ ಆ ಹೆಂಡತಿಯೇ ಬಂದಳು. ತೆಳ್ಳಗಿನ ಹುಡುಗಿ, ಚೂರು ತೆಗೆದ ಪಕ್ಕೆಯನ್ನು ಒತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದಳು. ವರದಿ ಬೇಕೇ ಎಂದು ಕೇಳಿದೆ. ಬೇಡ, ಡಾಕ್ಟರ ಜೊತೆ ಮಾತಾಡಬೇಕು ಅಂದಳು.

"ನಂದು ಕೊಬ್ಬು ಎಷ್ಟು ಬಂದದ್ರಿ?"

"ಐದು" ಅಂದರು ಬಾಯಾರು. "ಇಷ್ಟು ಚೆಂದ ಲಿವರ್ ಈ ಓಣಿಯೊಳಗ ನಾ ನೋಡಿಲ್ಲ."

ಹುಡುಗಿ ಕುರ್ಚಿಯ ಅಂಚಿಗೆ ಕೂತಳು. "ನಲವತ್ತು ಅಂತ ಬರೀರಿ."

ಅವಳನ್ನು ಬಿಟ್ಟರೆ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಎದ್ದು ಹೋಗಬೇಕೋ ಬೇಡವೋ ತಿಳಿಯದೆ ಬಣ್ಣದ ಬಾಟಲಿ ಜೋಡಿಸುತ್ತ ನಿಂತೆ.

"ಯಾಕ? ಗಂಡ ಬಡೀತಾನೇನು?"

"ಇಲ್ರಿ. ಪಾಪ, ಅವ್ರು ಭಾಳ ಚಲೋ ಅದಾರ." ಅವಳು ಸೆರಗಿನ ತುದಿ ತಿರುವುತ್ತಿದ್ದಳು. "ನನಗ ಹೆದರಿಕಿ ಬರತದ್ರಿ. ಮೂರು ವರ್ಷದ ಮಗಳದಾಳ. ನಮ್ಮತ್ತಿಯವ್ರನ್ನ ಕೇಳಿದ್ರು, ನಮ್ಮಪ್ಪಾರನ್ನ ಕೇಳಿದ್ರು, ಆಪರೇಷನ್ ದಿನಾ ಚಲೋ ಅದ ಏನು ಅಂತ ಸ್ವಾಮಿಗಳನ್ನೂ ಕೇಳಿದ್ರು. ನನ್ನ ಯಾರೂ ಕೇಳಲೇ ಇಲ್ರಿ. ಕೇಳಿದ್ರ ಹೂಂ ಅಂತಿದ್ನೋ ಏನೋ."

ಬಾಯಾರು ಪೆನ್ನಿನ ಟೋಪಿ ತೆಗೆದರು. ನಾನು ಅವರು ಬರೆಯುತ್ತಾರೆಂದುಕೊಂಡೆ.

"ನೋಡವಾ, ನಾ ಬರಿಯಂಗಿಲ್ಲ. ಐದಿದ್ರ ಐದು. ಇವತ್ತು ನಿನ್ನ ಕಣ್ಣೀರಿಗೆ ಐದನ್ನ ನಲವತ್ತು ಮಾಡಿದ್ರ, ನಾಳೆ ಇನ್ಯಾರದೋ ಕಣ್ಣೀರಿಗೆ ನಲವತ್ತನ್ನ ಐದು ಮಾಡ್ತೀನಿ. ಅವ ಟೇಬಲ್ ಮ್ಯಾಲೆ ಸಾಯ್ತಾನ."

ಹುಡುಗಿ ತಲೆ ತಗ್ಗಿಸಿ ಎದ್ದಳು.

"ಕೂಡ್ರ. ಮಾತು ಮುಗಿದಿಲ್ಲ" ಎಂದು ಗದರಿ, ಅವಳ ಎದುರಿಗೇ ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದರು. ವರದಿ ಸಂಜೆ ಕಳಿಸುತ್ತೇನೆ, ಆದರೆ ಕೊಡುವವಳನ್ನು ಅತ್ತೆ, ಅಪ್ಪ, ಭಾವ ಯಾರೂ ಇಲ್ಲದ ಕೋಣೆಯಲ್ಲಿ ಕೂಡಿಸಿ ಕೇಳಿದ್ದೀರಾ ಎಂದರು. ಆ ಕಡೆ ಏನೋ ತೊದಲಿದರು. "ಕೇಳಬೇಕು ಅಂತ ನಿಮ್ಮ ನಿಯಮದಾಗೇ ಅದ. ಅತ್ತೀನ ಬಾಜೂಕ ಕೂಡಿಸಿ ಕೇಳಿದ್ರ ಯಾವ ಸೊಸಿ ಒಲ್ಲೆ ಅಂತಾಳ? ನಾಳೆ ಕೇಳ್ರಿ. ಒಲ್ಲೆ ಅಂದ್ರ ಏನ ಬರೀಬೇಕು ಅಂತ ನಿಮಗ ಗೊತ್ತದ."

ಹುಡುಗಿಗೆ ಹೇಳಿದರು: "ನಾಳೆ ಒಬ್ಬಾಕಿನ್ನ ಕರದು ಕೇಳ್ತಾರ. ಹೂಂ ಅನ್ನು, ಇಲ್ಲಾ ಒಲ್ಲೆ ಅನ್ನು. ಆದ್ರ ನೀನ ಅನ್ನು. ಒಲ್ಲೆ ಅಂದ್ರ 'ಹೊಂದಂಗಿಲ್ಲ' ಅಂತ ಬರೀತಾರ. ಯಾಕ ಹೊಂದಂಗಿಲ್ಲ ಅಂತ ಮನ್ಯಾವ್ರಿಗೆ ಹೇಳಂಗಿಲ್ಲ. ಅದು ಸುಳ್ಳಲ್ಲ. ಮನಸಿಲ್ಲದ ಲಿವರ್ ಹೊಂದಂಗಿಲ್ಲ."

ಅವಳು ಒಲ್ಲೆ ಅಂದಳು. ವಾರದೊಳಗೆ ಅಣ್ಣ ಧಡಧಡ ಮೆಟ್ಟಿಲು ಹತ್ತಿ ಬಂದ.

"ಏನ್ ದೋಷ ಅದರಿ ಆಕಿ ಲಿವರ್‌ನಾಗ? ನಮಗ ಹೇಳಾಕ ಒಲ್ರು! ಅಲ್ಲಿ ನನ್ನ ತಮ್ಮನ ಹೊಟ್ಟಿ ನೀರು ತುಂಬಿ ಕೊಡಾ ಆಗೇದ!"

"ಒಬ್ಬರ ಲಿವರ್ ಸುದ್ದಿ ಇನ್ನೊಬ್ಬರಿಗೆ ಹೇಳಾಕ ನಾ ಏನು ನಳದ ಕಟ್ಟೀನ? ಕೂಡ್ರಿ." ಬಾಯಾರು ನನಗೆ ಚಹಾ ತರಿಸಲು ಹೇಳಿದರು. ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ ಕೇಳಿದರು. "ನಿಮ್ಮದು ಏನಾತು?"

"ಹೇಳಿದೆನಲ್ರಿ. ಫ್ಯಾಟಿ."

"ಅದು ಕೊಬ್ಬಿನ ಮಾತು. ನಾ ನಿಮ್ಮ ಮಾತು ಕೇಳಾಕತ್ತೀನಿ. ನಿಮ್ಮನ್ನ ಯಾರರೆ ಕೇಳ್ಯಾರೇನು?"

ನಾನು ಈ ಮನುಷ್ಯ ಈಗ ಟೇಬಲ್ ಗುದ್ದುತ್ತಾನೆ ಎಂದುಕೊಂಡೆ. ಅವನು ಚಿನ್ನದ ಸರ ಹಿಡಿದುಕೊಂಡು ಅಳತೊಡಗಿದ. ಅಷ್ಟು ದೊಡ್ಡ ದೇಹ ಅಳುವಾಗ ನಮ್ಮ ಕುರ್ಚಿ ಕಿರಕಿರ ಅಂದಿತು.

"ಹೆದರಿಕಿ ಬರತದ್ರಿ ಬಾಯಾರ. ಫ್ಯಾಟಿ ಅಂತ ಬಂದ ದಿನ ನಾ ಗುಡಿಗೆ ಹೋಗಿ ಕಾಯಿ ಒಡಸಿನ್ರಿ. ಅವ ನನ್ನ ಸಣ್ಣ ತಮ್ಮ. ನಾನ ಅವಗ ಸೈಕಲ್ ಕಲಸೀನಿ. ಅವ ಸಾಯಾಕತ್ತಾನ, ನಾ ಕಾಯಿ ಒಡಸಿನ್ರಿ."

ಬಾಯಾರು ಸೊಂಟದ ಬಟ್ಟೆ ತೆಗೆದು ಅವನಿಗೆ ಕೊಟ್ಟರು. ಆಮೇಲೆ ಕಲಿಸಲು ಇಟ್ಟಿದ್ದ ಪೆಟ್ಟಿಗೆಯಿಂದ ಎರಡು ಸ್ಲೈಡು ತೆಗೆದು, ಎರಡು ತಲೆಯ ಸೂಕ್ಷ್ಮದರ್ಶಕದ ಒಂದು ಕಡೆ ಅವನನ್ನು ಕೂಡಿಸಿದರು. ಮೊದಲನೆಯದನ್ನು ನೋಡಿ ಅವನು, "ಇದೇನ್ರಿ, ನಮ್ಮ ಅಂಗಡಿ ಜರಡಿ ಇದ್ದಂಗದ" ಅಂದ. ಎರಡನೆಯದರಲ್ಲಿ ತೂತು ಹುಡುಕಿದರೂ ಸಿಗಲಿಲ್ಲ.

"ಎರಡೂ ಒಬ್ಬಂದ. ನಡುವ ಮೂರು ತಿಂಗಳು. ತೂಕ ಇಳಿಸಿದ, ಎಣ್ಣಿ ಸಕ್ಕರಿ ಬಿಟ್ಟ, ನಡದ. ನಿಮ್ಮದು ಇಂಥಾ ಕೊಬ್ಬು ಆದ್ರ ಹೋಗತದ. ಬ್ಯಾರೆ ನಮೂನಿ ಆದ್ರ, ಗಾಯ ಆಗಿದ್ರ, ಹೋಗಂಗಿಲ್ಲ. ಚೂರು ತಗದು ನೋಡಿದ್ರ ತಿಳೀತದ." ಬಾಯಾರು ದೀಪ ಆರಿಸಿದರು. "ಈಗ ನನ್ನ ಮಾತು ಕೇಳ್ರಿ. ನಿಮ್ಮ ಕೊಬ್ಬು ನಿಮಗೊಂದು ಬಾಗಲಾ ತಗದದ. ಆ ಬಾಗಲಾದಿಂದ ಹೊರಗ ಹೋಗ್ರಿ, ಯಾರೂ ಏನೂ ಅನ್ನಂಗಿಲ್ಲ. ನಾನಂತೂ ಅನ್ನಂಗಿಲ್ಲ. ಇದ್ದದ್ದು ಹೇಳೂದು ನನ್ನ ಕೆಲಸ, ಹೇಳೇನಿ."

ಚಹಾ ಬಂತು. ಅವನು ಸಕ್ಕರೆ ಹಾಕಿದ ಆ ಚಹಾವನ್ನು ನೋಡುತ್ತ ಎಷ್ಟೋ ಹೊತ್ತು ಕೂತ. ಕೆಳಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಹತ್ತುತ್ತಿರಲಿಲ್ಲ. ಕೊನೆಗೆ ಕಪ್ಪನ್ನು ಬಾಯಿಗಿಡದೆ ಹಿಂದಕ್ಕೆ ಸರಿಸಿದ.

"ಪರ್ವತಿ ದಿನಕ್ಕ ಎಷ್ಟು ಸರ್ತಿ ಹತ್ತಬೇಕ್ರಿ?"

ಪರ್ವತಿ ಅಂದರೆ ನಮ್ಮ ಲ್ಯಾಬಿನಿಂದ ಕೂಗಳತೆಯ ಗುಡ್ಡ, ಮೇಲೆ ಗುಡಿ, ನೂರಕ್ಕಿಂತ ಹೆಚ್ಚು ಮೆಟ್ಟಿಲು. ಮೊದಲ ವಾರ ಅವನು ಅರ್ಧಕ್ಕೇ ಕೂತುಬಿಡುತ್ತಿದ್ದ ಎಂದು ಅಲ್ಲಿ ಲಿಂಬೂ ಶರಬತ್ತು ಮಾರುವವನು ಹೇಳಿದ. ಅವನ ಲಿವರಿನ ಮೊದಲ ಚೂರು ಬಂದಾಗ ಮೂವತ್ತೈದು ಇತ್ತು. ಎಲ್ಲ ದೊಡ್ಡ ಹನಿ, ಗಾಯದ ಗುರುತಿಲ್ಲ. "ಭಾಗ್ಯವಂತ ಖೋಡಿ" ಅಂದರು ಬಾಯಾರು. ಅವನು ಗುಡ್ಡ ಹತ್ತಿಳಿದು ಬೆವರು ಸುರಿಸುತ್ತ ವಾರಕ್ಕೊಮ್ಮೆ ನಮ್ಮ ಲ್ಯಾಬಿಗೆ ಬಂದು ತೂಕ ಹೇಳಿ ಹೋಗುತ್ತಿದ್ದ. ನಮ್ಮಲ್ಲಿ ತೂಕದ ಯಂತ್ರವೂ ಇರಲಿಲ್ಲ. ಸುಮ್ಮನೆ ಶಭಾಷ್ ಅನ್ನಿಸಿಕೊಳ್ಳಲು ಬರುತ್ತಿದ್ದ. ಒಂದು ದಿನ ಬಾಯಾರ ಕೈಯಲ್ಲಿದ್ದ ಭಜಿ ನೋಡಿ ನುಂಗಿದ.

"ನೀವೂ ಬರ್ರಲ್ಲ ಬಾಯಾರ, ಗುಡ್ಡ ಹತ್ತೂನು."

"ನನ್ನ ಲಿವರ್ ಯಾರಿಗೂ ಬೇಕಾಗಿಲ್ಲ. ನಡಿ ನೀ."

ಎರಡೂವರೆ ತಿಂಗಳಿಗೆ ಎರಡನೆಯ ಚೂರು ಬಂತು. ಆ ಸ್ಲೈಡು ಮಾಡುವಾಗ ನಾನು ಬ್ಲೇಡು ಎರಡು ಸಲ ಬದಲಿಸಿದೆ. ಬಾಯಾರು ಬಹಳ ಹೊತ್ತು ಎಣಿಸಿದರು, ಮತ್ತೆ ಮೊದಲಿಂದ ಎಣಿಸಿದರು. "ಎಂಟು" ಅಂದರು. ಆಸ್ಪತ್ರೆಯವರು ಅವನನ್ನೂ ಒಬ್ಬನನ್ನೇ ಕೂಡಿಸಿ ಕೇಳಿದರು. ಅವನು ಹೂಂ ಅಂದ. ಶಸ್ತ್ರಕ್ರಿಯೆ ಆಯಿತು. ಅಣ್ಣ ತಮ್ಮ ಇಬ್ಬರೂ ಉಳಿದರು. ಅಣ್ಣ ಈಗ ಸಮಾಜದ ಯಾವ ಮದುವೆಗೆ ಹೋದರೂ ಅಂಗಿ ಎತ್ತಿ ಹೊಲಿಗೆ ತೋರಿಸುತ್ತಾನೆ ಎಂದು ಕೇಳಿದ್ದೇನೆ.

ಕೆಲವು ತಿಂಗಳ ಮೇಲೆ ಆ ಹುಡುಗಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಮನೆಯಲ್ಲಿ ಯಾರಾದರೂ ಏನಾದರೂ ಅನ್ನುತ್ತಾರೆಯೇ ಎಂದು ನಾನೇ ಕೇಳಿದೆ. "ಮೊದಲ ಅತ್ತಿಯವ್ರು ಕೇಳ್ತಿದ್ರಿ, ನಿನ್ನ ಲಿವರಿಗೆ ಏನ್ ಬಡದದ ಅಂತ. ಒಂದ ದಿನ ಊಟಕ್ಕ ಕುಂತಾಗ ಭಾವನವ್ರು ತಾಟು ಸರಸಿ ಎದ್ದು ನಿಂತ್ರು. ಇನ್ನ ಮ್ಯಾಲೆ ಆಕಿ ಸುದ್ದಿ ಯಾರೂ ತಗೀಬ್ಯಾಡ್ರಿ ಅಂದ್ರು. ಅವ್ರಿಗೆ ಗೊತ್ತಾಗಿರಬೇಕ್ರಿ." ಬಾಯಾರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಆದರೆ ಆ ಹತ್ತು ನಿಮಿಷ ಅವರು ಸ್ಲೈಡು ಬದಲಿಸಿದ್ದನ್ನೂ ನಾನು ಕಾಣಲಿಲ್ಲ.

ಇದಾಗಿ ಮೂರು ನಾಲ್ಕು ವರ್ಷಕ್ಕೆ ಬಾಯಾರ ಕಾಲು ಊದತೊಡಗಿದವು. ಬೂಟು ಬಿಟ್ಟು ಚಪ್ಪಲಿಗೆ ಬಂದರು. ಒಂದು ಬೆಳಿಗ್ಗೆ ಪರ್ಸಿನಿಂದ ಬಾಟಲಿ ತೆಗೆದು ನನ್ನ ಮುಂದಿಟ್ಟರು. ಚೀಟಿಯ ಮೇಲೆ ಅವರ ಹೆಸರಿತ್ತು.

"ಚೆಂದ ಕೊಯ್ಯಿ. ಹರದ್ರ ಬೈತೀನಿ."

ಹೇಗೆ ಕೊಯ್ದೆನೋ ಗೊತ್ತಿಲ್ಲ. ಮರುದಿನ ಸ್ಲೈಡು ಇಟ್ಟೆ. ಅವರು ಒಂದು ತಲೆಯಲ್ಲಿ, ನಾನು ಇನ್ನೊಂದು ತಲೆಯಲ್ಲಿ. ನಾನು ಹುಡುಕಿದ್ದು ಬಿಳಿ ತೂತುಗಳನ್ನು. ಎಲ್ಲೋ ಒಂದೆರಡು. ನನಗೆ ಜೀವ ಬಂದಂತಾಯಿತು.

"ಬಾಯಾರ, ಕೊಬ್ಬೇ ಇಲ್ರಿ!"

ಅವರು ನಕ್ಕರು. ನಿಜವಾಗಿ, ಹೊಟ್ಟೆ ಕುಲುಕಿಸಿ ನಕ್ಕರು. "ಹುಚ್ಚಿ, ಇಷ್ಟು ವರ್ಷ ನನ್ನ ಕಡೆ ಏನ ಕಲಿತಿ? ಮನಿ ಸುಟ್ಟ ಮ್ಯಾಲೆ ಇಲಿ ಇರತಾವೇನು? ಕಡೀಕ ಕೊಬ್ಬೂ ಬಿಟ್ಟು ಹೋಗತದ. ನೋಡಿಲ್ಲಿ," ಸ್ಲೈಡು ಸರಿಸಿ ಗಂಟುಗಂಟಾದ ಗಾಯದ ಪಟ್ಟಿಗಳನ್ನು ತೋರಿಸಿದರು, "ಬರೇ ಗ್ವಾಡಿ ಉಳದಾವ."

ಆಮೇಲೆ ನನಗೆ ಟೈಪು ಮಾಡಲು ಹೇಳಿ ವರದಿ ಬರೆಸಿದರು. ರೋಗಿ ಹೆಣ್ಣು, ಅರವತ್ತೆಂಟು. ಗಾಯ ಇಷ್ಟು, ಕೊಬ್ಬು ಇಷ್ಟು, ಉರಿಯೂತ ಇಷ್ಟು. ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ. ತನ್ನದಕ್ಕೆ ತಾನೇ ಸಹಿ ಮಾಡುವಂತಿಲ್ಲವೆಂದು ಕಿರಿಯ ಡಾಕ್ಟರನ್ನು ಕರೆದರು. ಅವರು ಸ್ಲೈಡನ್ನು ಎರಡು ಸಲ ನೋಡಿದರು. ಸಹಿ ಮಾಡಿ ಹೊರಗೆ ಹೋಗಿ ವರಾಂಡದಲ್ಲಿ ನಿಂತುಬಿಟ್ಟರು.

ಲಿವರ್ ಕೊಡುವವರು ಸಿಕ್ಕಾರು, ಕೇಳಿ ನೋಡೋಣ ಎಂದು ನಾನು ಅಂದೆ. "ವಿಜಯಪುರದಾಗ ತಂಗಿ ಅದಾಳ, ಆಕಿ ಮಗ ಅದಾನ. ಕೇಳಿದ್ರ ಹೂಂ ಅಂತಾರ. ಅದಕ್ಕ ಕೇಳಂಗಿಲ್ಲ" ಅಂದರು. ಆ ಮಾತು ಮತ್ತೆ ಎತ್ತಲು ಬಿಡಲಿಲ್ಲ. ತಂಗಿಯ ಮನೆಗೆ ಹೋಗಿ ಇರುವುದೆಂದು ನಿರ್ಧರಿಸಿದರು. ಅಲ್ಲಿ ಐದು ತಿಂಗಳು ಇದ್ದರು. ಕೊನೆಯ ತಿಂಗಳು ಮಂಪರು ಬಂದು ಒಮ್ಮೊಮ್ಮೆ ತಂಗಿಯನ್ನೇ ಕಿರಿಯ ಡಾಕ್ಟರೆಂದು ತಿಳಿದು ಬೈಯುತ್ತಿದ್ದರಂತೆ. ತಂಗಿ ಫೋನಿನಲ್ಲಿ ಹೇಳಿ ಅತ್ತಳು, ನಾನು ಇಲ್ಲಿ ಅಳುತ್ತ ನಕ್ಕೆ.

ನಾನು ಅವರನ್ನು ಕೊನೆಗೆ ನೋಡಿದ್ದು ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ. ಬೆಳಗಿನ ವಿಜಯಪುರದ ಬಸ್ಸು. ಟ್ಯಾಕ್ಸಿ ಮಾಡಿಕೊಡುತ್ತೇವೆಂದರೆ ಒಪ್ಪಿರಲಿಲ್ಲ. ಒಂದು ಸೂಟ್‌ಕೇಸು, ಒಂದು ಚೀಲ. ಟಿಕೆಟ್ಟು ಬಂದದ್ದು ನಡುಹಾದಿಯ ಕಡೆಯ ಸೀಟು. ಕಿಟಕಿಯ ಕಡೆ ಇಂದಾಪುರದ ಟಿಕೆಟ್ಟಿನವನೊಬ್ಬ ಕಾಲು ಚಾಚಿ ಮೊಬೈಲು ನೋಡುತ್ತಿದ್ದ. ಬಾಯಾರು ಅವನ ಮುಂದೆ ನಿಂತು ಮರಾಠಿಯಲ್ಲಿ, ಕಿಟಕಿ ನನಗೆ ಬೇಕು ಅಂದರು. ಅವನು ತಲೆ ಎತ್ತದೆ, ನನ್ನ ನಂಬರು ಇದೇ ಅಂದ.

"ನಾನು ಸಾಯುತ್ತಿದ್ದೇನೆ" ಅಂದರು ಬಾಯಾರು, ಚಹಾಕ್ಕೆ ಸಕ್ಕರೆ ಸಾಕು ಅನ್ನುವ ದನಿಯಲ್ಲಿ. "ಏಳಿ."

ಅವನು ಬೆಚ್ಚಿ ಎದ್ದು ನಿಂತ. ಬಾಯಾರು ಸೀರೆ ಸರಿ ಮಾಡಿಕೊಂಡು ಕಿಟಕಿಗೆ ಕೂತು, ಕೆಳಗೆ ನಿಂತ ನನ್ನ ಕಡೆ ತಿರುಗಿ ಒಂದು ಕಣ್ಣು ಹೊಡೆದರು. ಬಸ್ಸು ಹೊರಟಿತು. ಆ ಮನುಷ್ಯ ಕಂಡಕ್ಟರಿನ ಕಡೆ ಬಾಗಿ, ಒಂದು ಸೀಟಿಗಾಗಿ ಈ ಮುದುಕಿಯರು ಎಂಥೆಂಥ ಸುಳ್ಳು ಹೇಳುತ್ತಾರೆ ನೋಡಿ ಅನ್ನುತ್ತಿದ್ದದ್ದು ನನಗೆ ಕೇಳಿಸಿತು.